ಅಟ್ಟದ ಮೇಲಿನ ಅಳತೆಯ ಸರಪಳಿ

ಹಿಂದೆ ಪಟೇಲಿಕೆ, ಶಾನುಭೋಗಿಕೆಗಳಿದ್ದ ಮನೆಗಳ ಅಟ್ಟದ ಮೇಲೋ ಕಣಜದ ಮಗ್ಗುಲಲ್ಲೋ ತುಕ್ಕು ಹಿಡಿದ ಒಂದು ಸರಪಳಿಯು ಸುರುಳಿಯಾಗಿ ಬಿದ್ದಿರುವುದುಂಟು. ದನ ಕಟ್ಟುವ ಸರಪಳಿಯಂತೆ ಇದರ ಕೊಂಡಿಗಳು ದುಂಡಗಿರುವುದಿಲ್ಲ. ಗೇಣುದ್ದದ, ಕೆಲವದರಲ್ಲಿ ಎರಡಡಿ ಉದ್ದದ, ತಂತಿಯ ಕಡ್ಡಿಗಳನ್ನು ಸಣ್ಣ ಬಳೆಗಳಿಂದ ಒಂದಕ್ಕೊಂದು ಸೇರಿಸಿ, ಎರಡು ತುದಿಗಳಿಗೂ ಹಿಡಿಗಳನ್ನು ಹಾಕಿರುತ್ತದೆ. ಇದನ್ನು ಬಾವಿಯ ಕೊಡಕ್ಕೆ ಕಟ್ಟಿದವರನ್ನೂ, ಗುಜರಿಯವನಿಗೆ ತೂಕದ ಮೇಲೆ ಕೊಟ್ಟವರನ್ನೂ ನಾನು ಸಂಚಾರದಲ್ಲಿ ಕಂಡಿದ್ದೇನೆ. ಇದು ಜಮೀನಿನ ಮೋಜಣಿಯ ಸರಪಳಿ. ಇದನ್ನು ಮಾರುವುದಕ್ಕೆ ಮುಂಚೆ ಇದು ಯಾವ ಜಾತಿಯದೆಂದು ಗುರುತಿಸಿಕೊಳ್ಳುವುದು ಪ್ರತಿಯೊಬ್ಬ ಭೂಮಾಲೀಕರ ಹಿತಕ್ಕೂ ಅವಶ್ಯವೆಂಬುದು ನನ್ನ ಅಭಿಪ್ರಾಯ.

ಉಪಗ್ರಹಗಳ ಸಂಕೇತದಿಂದ ಎಲ್ಲೆಯನ್ನು ಗೊತ್ತುಮಾಡುವ ಯಂತ್ರಗಳು ಬಂದಿರುವಾಗ ಈ ಕಬ್ಬಿಣದಿಂದೇನು ಪ್ರಯೋಜನವೆಂದು ಕೇಳುವವರಿದ್ದಾರೆ. ಯಂತ್ರವು ಇಂದಿನ ಬದು ಎಲ್ಲಿದೆಯೆಂಬುದನ್ನು ಹೇಳಬಲ್ಲದು; ಬದು ಎಲ್ಲಿರಬೇಕಾಗಿತ್ತೆಂಬುದನ್ನು ಹೇಳತಕ್ಕುದು ಹಳೆಯ ಟಿಪ್ಪಣಿಯೇ. ಬಾಂದು ಕಲ್ಲು ಕಿತ್ತುಹೋಗಿ ಅಕ್ಕಪಕ್ಕದವರಿಗೆ ವ್ಯಾಜ್ಯವುಂಟಾದಾಗ ನೋಡುವುದು ಆ ಟಿಪ್ಪಣಿಯನ್ನು, ಅದರ ಅಂಕೆಗಳಾದರೋ ಇಂಥ ಸರಪಳಿಯ ಲೆಕ್ಕದಲ್ಲಿ ಬರೆದವುಗಳು. ಸರಪಳಿಯನ್ನು ತಿಳಿಯದವನಿಗೆ ಅಂಕೆ ಕಾಣುವುದೇ ಹೊರತು ಅಳತೆ ತಿಳಿಯದು.

ಮುಂಬಯಿ ಆಧಿಪತ್ಯದಲ್ಲಿ ೧೮೪೭ರ ಜಂಟಿ ವರದಿಯಿಂದ ನೆಲೆಗೊಂಡ ಮೋಜಣಿಯ ಪದ್ಧತಿಯು ಧಾರವಾಡದ ಕಡೆಯ ಸೀಮೆಗಳಲ್ಲಿ ನಡೆದು, ೧೮೬೩ರಲ್ಲಿ ಮೈಸೂರು ಸೀಮೆಯಲ್ಲಿಯೂ ಆರಂಭವಾಯಿತು. ಈ ಪದ್ಧತಿಯ ಸರಪಳಿಯು ೩೩ ಅಡಿ ಉದ್ದದ್ದು. ರೂಪಾಯಿಗೆ ಹದಿನಾರಾಣೆಯಿದ್ದಂತೆ ಸರಪಳಿಗೂ ೧೬ ಆಣೆ. ನಾಣ್ಯದ ಆಣೆಯು ೧೯೫೭ರಲ್ಲಿ ಹೊರಟುಹೋಯಿತು, ಜಮೀನಿನ ಆಣೆಯು ಕಾಗದದಲ್ಲಿ ಉಳಿದುಕೊಂಡಿದೆ. ಉದ್ದಗಲಗಳೆರಡೂ ಒಂದೊಂದು ಸರಪಳಿಯಾದರೆ ೧೦೮೯ ಚದರಡಿ, ಅಂದರೆ ಒಂದು ಗುಂಟೆ; ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಯೆಂಬ ಮಾತು ದಿನವೂ ನಮ್ಮ ಬಾಯಲ್ಲಿದ್ದರೂ ಅದು ಈ ಸರಪಳಿಯ ಚೌಕವೆಂಬುದನ್ನು ಬಲ್ಲವರು ಕಡಮೆ.

ಮತ್ತೊಂದು ಜಾತಿಯದು ೬೬ ಅಡಿ ಉದ್ದದ್ದು, ೧೦೦ ಕೊಂಡಿಗಳುಳ್ಳದ್ದು. ಎಡ್ಮಂಡ್ ಗಂಟರ್ ಎಂಬ ಆಂಗ್ಲ ಗಣಿತಜ್ಞನು ೧೬೨೦ರಲ್ಲಿ ಇದನ್ನು ಪ್ರಚಾರಕ್ಕೆ ತಂದನು. ಇದರ ಹತ್ತು ಚದರ ಸರಪಳಿಗೆ ಒಂದು ಎಕರೆಯಾಗುವುದರಿಂದ ಎಲ್ಲ ಲೆಕ್ಕವೂ ದಶಾಂಶದಲ್ಲಿಯೇ ಮುಗಿಯುತ್ತದೆ. ಒಂದು ಸಾವಿರ ಚದರ ಕೊಂಡಿಯೇ ಒಂದು ಸೆಂಟು. ಹಿಂದೆ ಮದರಾಸು ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಜಮೀನನ್ನು ಎಕರೆ ಸೆಂಟುಗಳಲ್ಲಿ ಹೇಳುವ ವಾಡಿಕೆಯು ಈಗಲೂ ನಡೆದಿದೆ.

ಇವೆರಡನ್ನೂ ಕಲೆಸಿದರೆ ಆಗುವ ಹಾನಿಯನ್ನು ನೋಡಬೇಕು. ಟಿಪ್ಪಣಿಯಲ್ಲಿ ಒಂದು ಮಗ್ಗುಲು ೧೨ ಸರಪಳಿ ೬ ಆಣೆ ಎಂದಿದ್ದರೆ ಅದು ೪೦೮ ಅಡಿ ನಾಲ್ಕೂವರೆ ಅಂಗುಲ. ಇದನ್ನೇ ಈಗಿನ ಹುಡುಗರ ಅಭ್ಯಾಸದಂತೆ ೧೨.೬ ಎಂದು ದಶಾಂಶವಾಗಿ ಓದಿದರೆ ೪೧೫ ಅಡಿ ಒಂಬತ್ತೂವರೆ ಅಂಗುಲಕ್ಕೆ ಹೋಗುತ್ತದೆ. ಏಳಡಿಗೂ ಮಿಕ್ಕ ಈ ವ್ಯತ್ಯಾಸವು ಒಂದು ಗಾಡಿಯ ದಾರಿಯಷ್ಟಾಯಿತು. ಅಣ್ಣತಮ್ಮಂದಿರು ನ್ಯಾಯಸ್ಥಾನದ ಮೆಟ್ಟಿಲು ಹತ್ತುವುದಕ್ಕೆ ಇದಕ್ಕಿಂತ ಕಡಮೆಯ ನೆಲವೂ ಸಾಕಾಗಿದೆ. ಹಾಗೆಯೇ ೨ ಎಕರೆ ೨೦ ಗುಂಟೆಯೆಂದರೆ ಎರಡೂವರೆ ಎಕರೆ, ೨ ಎಕರೆ ೨೦ ಸೆಂಟು ಎಂದರೆ ಎರಡೂಕಾಲು ಎಕರೆಯೂ ಇಲ್ಲ. ನಡುವಿನ ಅಂತರವು ಹನ್ನೆರಡು ಗುಂಟೆ. ಘಟ್ಟದ ಕೆಳಗಿನವರು ಮೇಲೆ ಬಂದು, ಮೇಲಿನವರು ಕೆಳಗೆ ಹೋಗಿ ಜಮೀನು ಕೊಳ್ಳುವ ಈ ಕಾಲದಲ್ಲಿ ಇದು ಕ್ರಯಪತ್ರಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಎಕರೆಗೆ ಇಷ್ಟು ಬೀಜ, ಇಷ್ಟು ಗೊಬ್ಬರವೆಂದು ನಮ್ಮ ಇಲಾಖೆಯು ಹೇಳುವ ಪ್ರಮಾಣವೆಲ್ಲವೂ ಎಕರೆ ಸರಿಯಾಗಿದ್ದರೆ ಮಾತ್ರ ಸರಿ.

ಇನ್ನು ಗುರುತಿಸುವ ಕ್ರಮ. ಸರಪಳಿಯನ್ನು ಸಮನೆಲದಲ್ಲಿ ಬಿಗಿಯಾಗಿ ಹಾಸಿ, ಒಂದು ಹಿಡಿಯ ಹೊರ ಅಂಚಿನಿಂದ ಮತ್ತೊಂದರ ಹೊರ ಅಂಚಿನವರೆಗೆ ಟೇಪಿನಿಂದ ಅಳೆಯಬೇಕು. ಹಿಡಿಗಳೂ ಅಳತೆಗೆ ಸೇರಿದವುಗಳೇ. ಆಮೇಲೆ ಕೊಂಡಿಗಳನ್ನು ಎಣಿಸತಕ್ಕದ್ದು. ಹದಿನಾರು ಕೊಂಡಿಗಳಿದ್ದು ಒಂದೊಂದು ಎರಡಡಿ ಮುಕ್ಕಾಲು ಅಂಗುಲ ಬಂದರೆ ಅದು ಗುಂಟೆಯ ಸರಪಳಿ. ನೂರು ಕೊಂಡಿಗಳಿದ್ದು ಒಂದೊಂದು ಒಂದಡಿಯಿದ್ದರೆ ಅದು ರಸ್ತೆ ಕಾಲುವೆಗಳ ಕೆಲಸಕ್ಕೆ ಇಂಜಿನಿಯರುಗಳು ಬಳಸುತ್ತಿದ್ದದ್ದು; ಜಮೀನಿನ ಲೆಕ್ಕಕ್ಕೆ ಅದರ ಗೊಡವೆ ಬೇಡ.

ಮೋಸಹೋಗುವ ಜಾಗವು ಬೇರೊಂದಿದೆ. ಮೆಟ್ರಿಕ್ ಮಾನವನ್ನು ೧೯೫೬ರ ಶಾಸನವು ತಂದ ಮೇಲೆ ೨೦ ಮೀಟರಿನ ಸರಪಳಿಗಳು ಬಂದವು. ಅದರಲ್ಲಿಯೂ ಕೊಂಡಿಗಳು ನೂರೇ. ಗಂಟರನ ಕೊಂಡಿಯು ೭.೯೨ ಅಂಗುಲ, ಇದರದು ೭.೮೭ ಅಂಗುಲ, ಒಂದೊಂದು ಕೊಂಡಿಯನ್ನು ಅಳೆದು ಭೇದವನ್ನು ಕಂಡುಹಿಡಿಯಲಾಗದು. ಪೂರ್ತಿ ಹಾಸಿದಾಗ ಮಾತ್ರ ನಾಲ್ಕೂವರೆ ಅಂಗುಲದಷ್ಟು ಗಿಡ್ಡವೆಂಬುದು ಬಯಲಾಗುವುದು. ಗಂಟರನದಕ್ಕೆ ಹತ್ತು ಹತ್ತು ಕೊಂಡಿಗೊಂದು ಹಿತ್ತಾಳೆಯ ಬಿಲ್ಲೆಯಿದ್ದು, ಎರಡು ತುದಿಗಳಿಂದಲೂ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಹಲ್ಲುಗಳನ್ನು ಕತ್ತರಿಸಿರುತ್ತದೆ. ನಟ್ಟನಡುವಿನದು ದುಂಡು ಬಿಲ್ಲೆ. ಮೀಟರಿನದಕ್ಕೆ ಐದೈದು ಕೊಂಡಿಗೊಂದು ಸಣ್ಣ ಹಿತ್ತಾಳೆಯ ಬಳೆ.

ಗುರುತು ಹತ್ತಿತೆಂದು ಅದೇ ಸರಪಳಿಯಿಂದ ಎಲ್ಲೆಯನ್ನು ಅಳೆದು ನೆರೆಯವರ ಬದುವನ್ನು ಕೀಳಬಹುದೆಂದು ಯಾರೂ ಭಾವಿಸಬಾರದು. ಎಳೆದೆಳೆದು ಬಳೆಗಳ ಬಾಯಿ ತೆರೆದುಕೊಂಡರೆ ಸರಪಳಿ ಉದ್ದವಾಗುತ್ತದೆ, ಕಡ್ಡಿಗಳು ಬಾಗಿದರೆ ಗಿಡ್ಡವಾಗುತ್ತದೆ. ೩೩ ಅಡಿಯದು ಮೂರಂಗುಲ ಹಿಗ್ಗಿದ್ದರೆ, ಹತ್ತು ಎಕರೆಯೆಂದು ಅಳತೆಗೆ ಬಂದ ಹೊಲವು ನಿಜವಾಗಿ ಹತ್ತು ಎಕರೆ ಆರು ಗುಂಟೆಯಾಗಿರುತ್ತದೆ. ಎಲ್ಲೆಯನ್ನು ಗೊತ್ತುಮಾಡುವುದು ಮೋಜಣಿ ಇಲಾಖೆಯವರ ಕೆಲಸವೇ. ಆದರೆ ಭೂಮಾಪಕರು ಬಂದಾಗ ಟಿಪ್ಪಣಿಯ ನಕಲನ್ನು ಕೈಯಲ್ಲಿ ಹಿಡಿದು, ಸರಪಳಿಯನ್ನು ಮೀಟರಿಗೆ ಹೇಗೆ ತಿರುಗಿಸಿದಿರೆಂದು ಕೇಳುವ ತಿಳಿವಳಿಕೆಯು ತಮ್ಮಲ್ಲಿರಬೇಕು. ೩೩ ಅಡಿಯೆಂದರೆ ೧೦.೦೫೮ ಮೀಟರು. ಸುಲಭಕ್ಕೆಂದು ಹತ್ತು ಮೀಟರೆಂದು ಹಿಡಿದರೆ ಇಪ್ಪತ್ತು ಸರಪಳಿಯ ಮಗ್ಗುಲಿನಲ್ಲಿ ನಾಲ್ಕಡಿಗೆ ತುಸು ಕಡಮೆಯಷ್ಟು ನೆಲವು ಮಾತಿಲ್ಲದೆ ಆಚೆಯವರ ಪಾಲಾಗುವುದು.

ಸರಪಳಿಯ ಜೊತೆಯಲ್ಲಿ ಎಂಟು ಮುಖದ ಹಿತ್ತಾಳೆಯ ಪೆಟ್ಟಿಗೆಯೊಂದು ಕೆಲವೆಡೆ ಸಿಕ್ಕುತ್ತದೆ. ಮುಖಗಳಲ್ಲಿ ಉದ್ದನೆಯ ಸೀಳುಗಳಿರುವುದರಿಂದ ಹಳೆಯ ಲಾಂದ್ರದ ತುಂಡೆಂದು ಎಸೆಯುತ್ತಾರೆ. ಸರ್ವೆಯವರು ಇದನ್ನು ಕ್ರಾಸ್ ಸ್ಟಾಫ್ ಎನ್ನುವರು. ಕೋಲಿನ ತಲೆಗೆ ಸಿಕ್ಕಿಸಿ, ಒಂದು ಜೋಡಿ ಸೀಳಿನಿಂದ ಸರಪಳಿಯ ಸಾಲನ್ನೂ ಅದಕ್ಕೆ ಅಡ್ಡವಾದ ಜೋಡಿಯಿಂದ ಹೊಲದ ಮೂಲೆಯನ್ನೂ ನೋಡಿ ಸಮಕೋನವನ್ನು ಹಿಡಿಯುವುದಕ್ಕೆ ಇರತಕ್ಕದ್ದು. ಇದರ ಪರೀಕ್ಷೆ ಸುಲಭ. ಎರಡು ಸೀಳುಗಳಲ್ಲಿ ಕಂಡಂತೆ ಎರಡು ಗೂಟಗಳನ್ನು ದೂರದಲ್ಲಿ ನೆಟ್ಟು, ಎರಡನೆಯ ಸೀಳು ಮೊದಲನೆಯ ಗೂಟವನ್ನು ನೋಡುವಂತೆ ಪೆಟ್ಟಿಗೆಯನ್ನು ಕಾಲು ಸುತ್ತು ತಿರುಗಿಸಬೇಕು. ಆಗ ಮೊದಲನೆಯ ಸೀಳಿನಲ್ಲಿ ಎರಡನೆಯ ಗೂಟವು ಕಂಡರೆ ಪೆಟ್ಟಿಗೆಯು ಸರಿಯಾಗಿದೆ. ತೋಟಕ್ಕೆ ಸಸಿಯ ಸಾಲು ಹಿಡಿಯುವುದಕ್ಕೆ ಈಗಲೂ ಅದನ್ನು ಬಳಸಬಹುದು.