ಬಸುರಿಯ ಜ್ವರವನ್ನು ಹಗುರವಾಗಿ ಕಾಣಬೇಡಿ!



ಮನೆಯ ಬಸುರಿ ಹೆಣ್ಣುಮಗಳಿಗೆ ಜ್ವರ, ಕೆಮ್ಮು, ಮೈಕೈ ನೋವು ಬಂದರೆ ನಾವು ಏನು ಹೇಳುತ್ತೇವೆ? ‘ಮಳೆಗಾಲದ ನೆಗಡಿ, ಕಷಾಯ ಕುಡಿದು ಮಲಗು’ ಎನ್ನುತ್ತೇವೆ. ಅದು ಫ್ಲೂ ಆಗಿದ್ದರೆ ಈ ಮಾತು ಎರಡು ಜೀವಗಳಿಗೆ ಕುತ್ತು ತಂದೀತು!

ಬಸುರಿನಲ್ಲಿ ಹೃದಯಕ್ಕೆ ಕೆಲಸ ಹೆಚ್ಚು. ಬೆಳೆಯುವ ಗರ್ಭ ಶ್ವಾಸಕೋಶವನ್ನು ಮೇಲಕ್ಕೆ ಒತ್ತುತ್ತದೆ. ರೋಗದೊಡನೆ ಹೋರಾಡುವ ಶಕ್ತಿಯೂ ಬದಲಾಗುತ್ತದೆ. ಆದ್ದರಿಂದಲೇ ಬೇರೆಯವರಲ್ಲಿ ವಾರದಲ್ಲಿ ಇಳಿಯುವ ಫ್ಲೂ ಬಸುರಿಯಲ್ಲಿ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು. ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು. 2009ರ ಹಂದಿಜ್ವರವನ್ನು ನೆನೆಯಿರಿ. ಅಮೆರಿಕದ ಜನಸಂಖ್ಯೆಯಲ್ಲಿ ಬಸುರಿಯರು ನೂರಕ್ಕೆ ಸುಮಾರು ಒಬ್ಬರು. ಆ ಜ್ವರದಿಂದ ಅಲ್ಲಿ ಸತ್ತವರಲ್ಲಿ ನೂರಕ್ಕೆ ಸುಮಾರು ಐವರು!

ಇದಕ್ಕೆ ಲಸಿಕೆ ಇದೆ. ಬಸುರಿಯರಿಗೆ ಮೊದಲ ಆದ್ಯತೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಈ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರದು. ಬಸುರಿನ ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಮೂಗಿಗೆ ಬಿಡುವ ಜೀವಂತ ಲಸಿಕೆ ಮಾತ್ರ ಬೇಡ. ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆ ಮಗುವಿಗೂ ದಾಟುತ್ತದೆ. ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿ ಕೊಟ್ಟು ಕಳಿಸಿದ್ದೇ ಅದಕ್ಕೆ ಆಸರೆ.

ಇಷ್ಟಾದರೂ ನಮ್ಮ ತಾಯಂದಿರಿಗೆ ಇದು ಏಕೆ ತಲುಪಿಲ್ಲ? ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ರಾಷ್ಟ್ರೀಯ ಉಚಿತ ಲಸಿಕೆಗಳ ಪಟ್ಟಿಯಲ್ಲಿದೆ, ಫ್ಲೂ ಲಸಿಕೆ ಇಲ್ಲ. ಖಾಸಗಿ ಆಸ್ಪತ್ರೆಗೆ ಹೋದರೆ ಸಾವಿರ ರೂಪಾಯಿಯ ಆಸುಪಾಸು, ಕೆಲವು ಕಡೆ ಅದಕ್ಕೂ ಮೇಲೆ. ಕೂಲಿ ಮಾಡುವ ಹೆಣ್ಣುಮಗಳು ಎಲ್ಲಿಂದ ತಂದಾಳು? ಪಕ್ಕದ ಮಹಾರಾಷ್ಟ್ರ 2015ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಇದನ್ನು ಉಚಿತವಾಗಿ ಕೊಡತೊಡಗಿತು. ನಮ್ಮ ವಿಧಾನಸೌಧಕ್ಕೆ ಅದು ಕಾಣದೇ?

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಲಸಿಕೆ ಬಸುರಿಯರಿಗೆ ಉಚಿತವಾಗಿ ಸಿಗಲಿ. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲಿರಲಿ. ಲಸಿಕೆಯ ತಿಳಿವಳಿಕೆ ಓದಿದರೆ ಅರ್ಥವಾಗುವ ಕನ್ನಡದಲ್ಲಿ ಆಸ್ಪತ್ರೆಯ ಗೋಡೆಗೆ ಬರಲಿ. ಇದು ಭಿಕ್ಷೆಯಲ್ಲ, ಹಕ್ಕು!

ಸರ್ಕಾರ ಏಳುವವರೆಗೆ ನೀವು ಸುಮ್ಮನಿರಬೇಡಿ. ಮುಂದಿನ ತಪಾಸಣೆಯಲ್ಲಿ ವೈದ್ಯರನ್ನು ಬಾಯಿಬಿಟ್ಟು ಕೇಳಿ. ವೈರಸ್ ರೂಪ ಬದಲಿಸುವುದರಿಂದ ಹಿಂದಿನ ಬಸುರಿನಲ್ಲಿ ಹಾಕಿಸಿದ್ದು ಈ ಬಸುರಿಗೆ ಸಾಲದು. ಜ್ವರ ಬಂದೇಬಿಟ್ಟರೆ ಕಾಯಬೇಡಿ. ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.