ಯಂತ್ರಕ್ಕೆ ಜ್ವರ ಬಂದಾಗ

ಲಕ್ಷ ರೂಪಾಯಿಯ ಆಸುಪಾಸಿನ ಬೆಲೆ ತೆತ್ತು, ಅದರಲ್ಲಿ ಅರ್ಧವನ್ನು ಕಂತಿನ ಮೇಲೆ ತೀರಿಸುವುದೆಂದು ಒಪ್ಪಿಕೊಂಡು ಮನೆಗೆ ತಂದ ಗೇಮಿಂಗ್ ಲ್ಯಾಪ್‌ಟಾಪು ಮೂರನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಸೊರಗತೊಡಗುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಆಟ ತೊಡಗಿದ ಮೊದಲ ಹತ್ತು ನಿಮಿಷ ತೆರೆಯ ಮೇಲಿನ ಚಿತ್ರವು ಸರಾಗವಾಗಿ ಹರಿಯುತ್ತದೆ. ಆಮೇಲೆ ತಡವರಿಸುತ್ತದೆ, ಎಡವುತ್ತದೆ. ಕೀಲಿಮಣೆಯ ಮೇಲೆ ಬೆರಳಿಡಲಾಗದಷ್ಟು ಬಿಸಿ. ಫ್ಯಾನುಗಳ ಮೊರೆತ ಪಕ್ಕದ ಕೋಣೆಗೂ ಕೇಳಿಸುತ್ತದೆ. ಯಂತ್ರ ಹಳತಾಯಿತು, ಬೇರೆಯದನ್ನು ಕೊಳ್ಳಬೇಕು ಎಂದು ಮಗನ ವಾದ. ಹಳೆಯದರ ಕಂತೇ ಈಗ ತಾನೆ ತೀರಿತು ಎಂದು ತಂದೆಯ ಉತ್ತರ.

ಈ ವ್ಯಾಜ್ಯದಲ್ಲಿ ತಂದೆಯ ಪಕ್ಷವೇ ಹೆಚ್ಚು ಬಲವಾದುದೆಂದು ಹೇಳಬೇಕಾಗುತ್ತದೆ. ಎತ್ತಿಗೆ ವಯಸ್ಸಾದಂತೆ ಸಿಲಿಕಾನ್ ಚಿಪ್ಪಿಗೆ ಮೂರು ವರ್ಷಗಳಲ್ಲಿ ವಯಸ್ಸಾಗಿ ಅದರ ನಡಿಗೆ ನಿಧಾನವಾಗುವುದಿಲ್ಲ. ಕೊಂಡ ದಿನ ಅದು ಎಷ್ಟು ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟನ್ನು ಮಾಡಬಲ್ಲುದು. ಕುಂದಿರುವುದು ತನ್ನ ಮೈಯ ಶಾಖವನ್ನು ಹೊರಹಾಕುವ ಸಾಮರ್ಥ್ಯ. ರೋಗವನ್ನು ಗುರುತಿಸುವುದೂ ಕಷ್ಟವಲ್ಲ. ಆಟವು ಮೊದಲ ಕ್ಷಣದಿಂದಲೇ ಕುಂಟುತ್ತಿದ್ದರೆ ಕಾರಣ ಬೇರೆ: ಆಟ ತೀರ ಹೊಸದಿರಬಹುದು, ಮೆಮೊರಿ ಸಾಲದಿರಬಹುದು, ಚಾರ್ಜರನ್ನೇ ಸಿಕ್ಕಿಸಿಲ್ಲದಿರಬಹುದು. ಮೊದಲು ಚೆನ್ನಾಗಿ ಓಡಿ, ಮೈ ಕಾದ ಮೇಲೆ ಮುಗ್ಗರಿಸಿದರೆ ಅದು ಜ್ವರವೇ ಸರಿ.

ಶಾಖವೆಂದರೆ ಎಷ್ಟು? ಆಟ ನಡೆದಿರುವಾಗ ಇಂಥ ಯಂತ್ರದ ಪ್ರೊಸೆಸರ್ ಸುಮಾರು ೪೫ ವಾಟ್, ಗ್ರಾಫಿಕ್ಸ್ ಚಿಪ್ಪು ಸುಮಾರು ೧೦೦ ವಾಟ್ ವಿದ್ಯುತ್ತನ್ನು ನುಂಗುವುದುಂಟು. ನುಂಗಿದ್ದೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ ೬೦ ವಾಟಿನ ಗಾಜಿನ ಬಲ್ಬುಗಳನ್ನು ಬಲ್ಲವರು ಅವುಗಳಲ್ಲಿ ಎರಡನ್ನು, ಜೊತೆಗೆ ಇನ್ನೊಂದರ ಅರ್ಧವನ್ನು, ಒಂದಂಗುಲ ದಪ್ಪದ ಪೆಟ್ಟಿಗೆಯೊಳಗೆ ಮುಚ್ಚಿಟ್ಟಂತೆ ಊಹಿಸಿಕೊಳ್ಳಲಿ.

ಈ ಶಾಖವನ್ನು ಚಿಪ್ಪಿನಿಂದ ಪೆಟ್ಟಿಗೆಯ ಅಂಚಿಗೆ ಸಾಗಿಸುವ ಸಾಧನಕ್ಕೆ ಸ್ವಾರಸ್ಯವಾದ ಕಥೆಯಿದೆ. ನೋಡುವುದಕ್ಕೆ ಅದೊಂದು ಚಪ್ಪಟೆ ತಾಮ್ರದ ಕೊಳವೆ. ಒಳಗಿನ ಗಾಳಿಯನ್ನು ತೆಗೆದು, ತುಸುವೇ ನೀರು ಹಾಕಿ, ಎರಡು ತುದಿಗಳನ್ನೂ ಮುಚ್ಚಿರುತ್ತಾರೆ. ಒತ್ತಡ ಕಡಮೆಯಾದುದರಿಂದ ನೀರು ಅಲ್ಪ ಶಾಖಕ್ಕೇ ಆವಿಯಾಗುತ್ತದೆ. ಆವಿಯು ತಂಪಾದ ತುದಿಗೆ ಧಾವಿಸಿ, ಶಾಖವನ್ನು ಬಿಟ್ಟುಕೊಟ್ಟು, ಮರಳಿ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಸೆಳೆಯುವಂತೆ ಕೊಳವೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳು ಆ ನೀರನ್ನು ಬಿಸಿಯಾದ ತುದಿಗೆ ಹಿಂದಕ್ಕೆಳೆದು ತರುತ್ತವೆ. ಜನರಲ್ ಮೋಟಾರ್ಸ್ ಸಂಸ್ಥೆಯ ಗಾಗ್ಲರ್ ಎಂಬವರಿಗೆ ೧೯೪೪ರಲ್ಲಿ ಇದರ ಪೇಟೆಂಟು ದೊರೆತಿತ್ತಾದರೂ ಅದು ಆಗ ಬಳಕೆಗೆ ಬರಲಿಲ್ಲ. ೧೯೬೩ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಇದನ್ನೇ ರೂಪಿಸಿ ‘ಹೀಟ್ ಪೈಪ್’ ಎಂದು ಹೆಸರಿಟ್ಟರು. ಅಂದು ಅವರ ಗಮನವಿದ್ದುದು ಅಂತರಿಕ್ಷದಲ್ಲಿ ಬಳಸುವ ಪರಮಾಣು ವಿದ್ಯುತ್ ಯಂತ್ರಗಳ ಕಡೆಗೆ. ಇಂದು ಅದು ವಿದ್ಯಾರ್ಥಿನಿಲಯದ ಮೇಜಿನ ಮೇಲೆ ಕೂತು ಕೆಲಸ ಮಾಡುತ್ತಿದೆ.

ಆದರೆ ಕೊಳವೆಯ ಕೆಲಸ ಅಂಚಿನವರೆಗೆ ಮಾತ್ರ. ಅಲ್ಲಿ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ರೆಕ್ಕೆಗಳಿವೆ. ಫ್ಯಾನು ಅವುಗಳ ನಡುವೆ ಗಾಳಿಯನ್ನು ತಳ್ಳಬೇಕು. ಗಾಳಿ ಹಾಯದಿದ್ದರೆ ಚಿಪ್ಪಿನ ಉಷ್ಣತೆ ಏರುತ್ತ ಹೋಗಿ, ತಯಾರಕರು ಗೊತ್ತುಮಾಡಿದ ೯೫ರಿಂದ ೧೦೫ ಡಿಗ್ರಿ ಸೆಲ್ಸಿಯಸಿನ ಮಿತಿಯನ್ನು, ಅಂದರೆ ಹೆಚ್ಚುಕಡಮೆ ನೀರು ಕುದಿಯುವ ಮಟ್ಟವನ್ನು, ಮುಟ್ಟುತ್ತದೆ. ಆಗ ಚಿಪ್ಪು ತಾನಾಗಿಯೇ ತನ್ನ ವೇಗವನ್ನು ತಗ್ಗಿಸಿಕೊಂಡು ಪ್ರಾಣ ಉಳಿಸಿಕೊಳ್ಳುತ್ತದೆ. ಆಟಗಾರನು ಶಪಿಸುವ ಆ ತಡವರಿಕೆ ಯಂತ್ರದ ಆತ್ಮರಕ್ಷಣೆಯ ಉಪಾಯ.

ಗಾಳಿಯನ್ನು ತಡೆಯುವುದು ಧೂಳು. ಹೊರಗಿನ ಜಾಲರಿ ಎಷ್ಟೇ ಚೊಕ್ಕಟವಾಗಿ ಕಂಡರೂ ನಂಬಬಾರದು. ಹಾಸಿಗೆಯ ಹತ್ತಿ, ಬಟ್ಟೆಯ ನೂಲಿನೆಳೆ, ತಲೆಗೂದಲು, ರಸ್ತೆಯ ಮಣ್ಣು ಎಲ್ಲವೂ ಒಳಗೆ ಸೇರಿ ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯ ತುಂಡಿನಂತೆ ಒತ್ತಾಗಿ ಕೂತಿರುತ್ತವೆ. ಹೊರಗಿನಿಂದ ಊದಿದರೆ ಈ ಕಂಬಳಿ ಅಲುಗಾಡಬಹುದೇ ಹೊರತು ಹೊರಬರುವುದಿಲ್ಲ. ತಳದ ಹಲಗೆಯನ್ನು ಬಿಚ್ಚಲೇಬೇಕು. ಬಿಚ್ಚುವ ಮೊದಲು ಖಾತರಿ ಪತ್ರವನ್ನು ಓದಿಕೊಳ್ಳುವುದು ಜಾಣತನ. ಅವಧಿ ಇನ್ನೂ ಉಳಿದಿದ್ದರೆ ಕಂಪನಿಯವರಿಂದಲೇ ಈ ಕೆಲಸ ಮಾಡಿಸಬಹುದು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿಲ್ಲದವರೂ ರಿಪೇರಿಯವರ ಬಳಿಗೆ ಹೋಗುವುದೇ ಲೇಸು.

ತಾನೇ ಮಾಡುವವನು ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಳಚಿ, ಹಲಗೆ ತೆರೆದ ಕೂಡಲೆ ಬ್ಯಾಟರಿಯ ತಂತಿಯನ್ನು ಬಿಡಿಸತಕ್ಕದ್ದು. ಸ್ಕ್ರೂಗಳ ಉದ್ದ ಒಂದೇ ಆಗಿರುವುದಿಲ್ಲ. ಕಾಗದದ ಮೇಲೆ ಹಲಗೆಯ ಚಿತ್ರ ಬರೆದು ಯಾವುದು ಎಲ್ಲಿಯದೋ ಅಲ್ಲಿಯೇ ಚುಚ್ಚಿಟ್ಟರೆ ಕೊನೆಯಲ್ಲಿ ಪರದಾಟವಿಲ್ಲ. ಉದ್ದ ಸ್ಕ್ರೂವನ್ನು ಗಿಡ್ಡದ ಜಾಗದಲ್ಲಿ ತಿರುಗಿಸಿ ಕೀಲಿಮಣೆಯನ್ನೇ ತೂತು ಮಾಡಿದವರೂ ಇದ್ದಾರೆ. ಫ್ಯಾನಿನ ಅಲಗುಗಳನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದಬೇಕು. ಬಿಟ್ಟರೆ ಅದು ಗಿರ್ರನೆ ಅಳತೆಮೀರಿ ತಿರುಗಿ ಬೇರಿಂಗು ಕೆಡಬಹುದು. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಒಳಗೆ ತೂರಿಸಕೂಡದು, ಅದರ ತುದಿಯಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ಶತ್ರು. ಮೆತ್ತನೆಯ ಕುಂಚ, ಊದುವ ರಬ್ಬರಿನ ಬುರುಡೆ, ಸ್ವಲ್ಪ ತಾಳ್ಮೆ ಇಷ್ಟಿದ್ದರೆ ಸಾಕು.

ಧೂಳು ತೆಗೆದ ಮೇಲೂ ಜ್ವರ ಇಳಿಯದಿದ್ದರೆ ಥರ್ಮಲ್ ಪೇಸ್ಟಿನ ಕಡೆಗೆ ನೋಡಬೇಕು. ಚಿಪ್ಪಿನ ಮೈಯೂ ತಾಮ್ರದ ಮೈಯೂ ಕಣ್ಣಿಗೆ ನಯವಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಸಂದುಗಳಿದ್ದು, ಅವುಗಳಲ್ಲಿ ಗಾಳಿ ನಿಂತಿರುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರಕ್ಕೆ ೪೦೦ ಅಂಕ ಕೊಟ್ಟರೆ ಗಾಳಿಗೆ ಸಲ್ಲುವುದು ೦.೦೩ಕ್ಕೂ ಕಡಮೆ. ಪೇಸ್ಟಿಗೆ ದೊರೆಯುವ ಅಂಕ ಹತ್ತರ ಒಳಗೋ ಹೊರಗೋ ಅಷ್ಟೆ. ಆದರೂ ಗಾಳಿಯ ಜಾಗದಲ್ಲಿ ಅದು ನೂರಾರು ಪಾಲು ಮೇಲು. ಕಾಲಕ್ರಮದಲ್ಲಿ ಅದು ಒಣಗಿ ಅಂಚಿಗೆ ಸರಿದುಹೋಗುತ್ತದೆ. ಹಳೆಯದನ್ನು ಆಲ್ಕೋಹಾಲಿನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. ಗ್ಯಾಲಿಯಮ್ ಮಿಶ್ರಣದ ‘ದ್ರವ ಲೋಹ’ವನ್ನು ಹಚ್ಚಿದರೆ ಇನ್ನೂ ತಂಪೆಂದು ಉತ್ಸಾಹಿಗಳು ಹೇಳುವುದು ಸುಳ್ಳಲ್ಲ, ಆದರೆ ಅದು ಅಲ್ಯೂಮಿನಿಯಮನ್ನು ತಿಂದುಹಾಕುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಒಂದು ಹನಿ ಜಾರಿ ಪಕ್ಕಕ್ಕೆ ಬಿದ್ದರೆ ಯಂತ್ರವೇ ಹೋದಂತೆ. ಮನೆಯಲ್ಲಿ ಮಾಡುವವರಿಗೆ ಅದರ ಗೊಡವೆ ಬೇಡ.

ಕಾಸಿಲ್ಲದ ಚಿಕಿತ್ಸೆಗಳೂ ಉಂಟು. ಈ ಯಂತ್ರಗಳಲ್ಲಿ ಹೆಚ್ಚಿನವು ತಳದಿಂದ ಗಾಳಿಯನ್ನು ಎಳೆದುಕೊಳ್ಳುತ್ತವೆ. ಹಾಸಿಗೆಯ ಮೇಲಿಟ್ಟರೆ ಮೂಗು ಮುಚ್ಚಿದಂತೆ. ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಯ ಎರಡು ಮೂಲೆಗಳಡಿ ನೀರಿನ ಬಾಟಲಿಯ ಮುಚ್ಚಳಗಳನ್ನು ಇಟ್ಟರೆ ಉಸಿರಾಟ ಸಲೀಸಾಗುತ್ತದೆ. ಅಂಗಡಿಯಲ್ಲಿ ಮಾರುವ ಬಣ್ಣಬಣ್ಣದ ದೀಪಗಳ ತಂಪುಹಲಗೆಗಳಲ್ಲಿ ಅನೇಕವು ಈ ಮುಚ್ಚಳಗಳಿಗಿಂತ ಹೆಚ್ಚಿನದನ್ನೇನೂ ಸಾಧಿಸುವುದಿಲ್ಲ. ಕೋಣೆಯ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದೇ ಕೆಲಸಕ್ಕೆ ಚಿಪ್ಪೂ ಸುಮಾರು ಹತ್ತು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಆದಕಾರಣ ಬೆಂಗಳೂರಿನಲ್ಲಿ ನೆಮ್ಮದಿಯಾಗಿದ್ದ ಯಂತ್ರವು ೪೦ ಡಿಗ್ರಿ ದಾಟುವ ಬೇಸಗೆಯ ರಜೆಯಲ್ಲಿ ಕಲಬುರಗಿಗೋ ರಾಯಚೂರಿಗೋ ಹೋದರೆ ಏದುಸಿರು ಬಿಡುವುದು ಸಹಜ.

ಶಾಖ ಹುಟ್ಟುವುದನ್ನೇ ಕಡಮೆ ಮಾಡುವುದು ಇನ್ನೂ ಮೇಲು. ತೆರೆಯು ಸೆಕೆಂಡಿಗೆ ೧೪೪ ಚಿತ್ರಗಳನ್ನು ತೋರಬಲ್ಲುದೆಂಬ ಕಾರಣಕ್ಕೆ ನಿಧಾನಗತಿಯ ಕಥಾಪ್ರಧಾನ ಆಟಕ್ಕೂ ೧೪೪ ಬೇಕಿಲ್ಲ; ೬೦ಕ್ಕೆ ಮಿತಿ ಹಾಕಿದರೆ ಶಾಖವೂ ಸದ್ದೂ ಥಟ್ಟನೆ ಇಳಿಯುತ್ತವೆ. ಚಿಪ್ಪಿಗೆ ಕೊಡುವ ವೋಲ್ಟೇಜನ್ನು ತಗ್ಗಿಸುವುದು ಇನ್ನೊಂದು ವಿದ್ಯೆ. ಚಿಪ್ಪು ಲೆಕ್ಕ ಮಾಡುವಾಗ ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ, ನೂರಕ್ಕೆ ಹತ್ತು ತಗ್ಗಿಸಿದರೆ ಅದರಲ್ಲಿ ನೂರಕ್ಕೆ ೧೯ರಷ್ಟು ಉಳಿಯುತ್ತದೆ. ವಿಪರೀತ ತಗ್ಗಿಸಿದರೆ ಯಂತ್ರ ನಡುವೆಯೇ ನಿಂತುಬಿಡುತ್ತದೆ; ಸ್ವಲ್ಪ ಸ್ವಲ್ಪವಾಗಿ ಇಳಿಸಿ ಪರೀಕ್ಷಿಸಬೇಕು. ಎಲ್ಲ ಯಂತ್ರಗಳಲ್ಲಿಯೂ ಇದು ಸಾಧ್ಯವಿಲ್ಲ. ವೋಲ್ಟೇಜನ್ನು ಏರುಪೇರು ಮಾಡಿ ಗುಪ್ತ ಮಾಹಿತಿಯನ್ನು ಕದಿಯಬಹುದೆಂದು ೨೦೧೯ರಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಹೆಸರಿನಿಂದ ಸಂಶೋಧಕರು ತೋರಿಸಿದ ಮೇಲೆ ಇಂಟೆಲ್ ಪ್ರೊಸೆಸರುಗಳ ಅನೇಕ ಯಂತ್ರಗಳಲ್ಲಿ ಈ ಬಾಗಿಲಿಗೆ ಬೀಗ ಬಿತ್ತು.

ಖರ್ಚು ಮಾಡಲೇಬೇಕೆಂದಿದ್ದರೆ ಮೆಮೊರಿಗೆ ಮಾಡಬಹುದು. ಒಂದೇ ಮೆಮೊರಿ ಪಟ್ಟಿಯೊಡನೆ ಮಾರಾಟವಾಗುವ ಯಂತ್ರಗಳಿವೆ. ಎರಡನೆಯ ಖಾಲಿ ಜಾಗದಲ್ಲಿ ಸರಿಹೊಂದುವ ಜೊತೆಯನ್ನು ಕೂರಿಸಿದರೆ ಮಾಹಿತಿ ಸಾಗುವ ದಾರಿ ಇಮ್ಮಡಿಯಾಗುತ್ತದೆ. ವೇಗ ಹೆಚ್ಚಿಸುತ್ತೇವೆಂದು ಸಾರುವ ‘ಬೂಸ್ಟರ್’ ತಂತ್ರಾಂಶಗಳಿಗೆ ಕೊಡುವ ದುಡ್ಡು ನೀರಿಗೆ ಹಾಕಿದಂತೆ. ನೆರೆಮನೆಯವನ ಯಂತ್ರದಲ್ಲಿ ಇರುವುದೂ ಅದೇ ಚಿಪ್ಪು, ಅದೇಕೆ ಹೆಚ್ಚು ಓಡುತ್ತದೆ ಎಂದು ಕೊರಗುವವರು ಒಂದು ಅಂಶವನ್ನು ತಿಳಿದಿರಲಿ: ಆರ್‌ಟಿಎಕ್ಸ್ ೪೦೬೦ ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು ೩೫ ವಾಟಿನಿಂದ ೧೧೫ ವಾಟಿನವರೆಗೆ ತಮಗೆ ತೋಚಿದಷ್ಟು ವಿದ್ಯುತ್ತನ್ನು ಗೊತ್ತುಮಾಡಬಹುದು. ಅದು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ. ಕೊಂಡ ಮೇಲೆ ಧೂಳು ಒರೆಸಿ ಆ ಅಂತರವನ್ನು ಮುಚ್ಚಲಾಗದು.

ಇನ್ನು ಬ್ಯಾಟರಿಯ ವಿಚಾರ. ಇಲ್ಲಿ ಉಪೇಕ್ಷೆಯು ಅಪಾಯಕರ. ಆಟಕ್ಕೆ ಬೇಕಾದ ವಿದ್ಯುತ್ತನ್ನು ಅದೊಂದೇ ಒದಗಿಸಲಾರದು. ಆದುದರಿಂದ ಗೇಮಿಂಗ್ ಲ್ಯಾಪ್‌ಟಾಪು ಸದಾ ಚಾರ್ಜರಿಗೆ ಅಂಟಿಕೊಂಡೇ ಇರುತ್ತದೆ. ತುಂಬು ಚಾರ್ಜು ಮತ್ತು ಬಿಸಿ ಇವೆರಡೂ ಕೂಡಿದಾಗ ಲಿಥಿಯಮ್ ಬ್ಯಾಟರಿ ಬೇಗ ಸವೆಯುತ್ತದೆ. ನೂರಕ್ಕೆ ೮೦ಕ್ಕೆ ಚಾರ್ಜು ನಿಲ್ಲಿಸುವ ಏರ್ಪಾಟು ಬಹುತೇಕ ತಯಾರಕರ ತಂತ್ರಾಂಶದಲ್ಲಿದೆ. ಮನೆಯಲ್ಲೇ ಆಡುವವರು ಅದನ್ನು ಇಂದೇ ಜಾರಿಗೆ ತರಬಹುದು. ಕೆಟ್ಟ ಬ್ಯಾಟರಿಯ ಒಳಗೆ ಅನಿಲ ಹುಟ್ಟಿ ಅದು ಉಬ್ಬುವುದುಂಟು. ಬೆರಳಾಡಿಸುವ ಟಚ್‌ಪ್ಯಾಡು ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ ಆಟವನ್ನು ಅಲ್ಲಿಗೇ ಬಿಟ್ಟು, ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಸರ್ವಥಾ ಕೂಡದು, ಬೆಂಕಿ ಹೊತ್ತಿಕೊಳ್ಳುತ್ತದೆ. ಬಲ್ಲವರಿಂದ ಅದನ್ನು ತೆಗೆಸಿ, ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ಹೊಸ ಬ್ಯಾಟರಿ ಬರುವವರೆಗೆ ಮಗನು ಹೊರಗೆ ಮೈದಾನದಲ್ಲಿ ಆಡಿಕೊಂಡಿರಬಹುದು.