ಮನೆಯ ಚಾರ್ಜು ಪಟ್ಟಿ

ಈ ಸಲದ ವಿಷಯವನ್ನು ಸಂಸಾರವಂದಿಗರ ಮುಂದೆ ಎತ್ತುವುದು ಸುಲಭವಲ್ಲ. "ನಾನು ಹಾಸಿಗೆ ಹಿಡಿದರೆ ಈ ಕಾಗದಪತ್ರಗಳನ್ನು ಯಾರು ನೋಡುತ್ತಾರೆ?" ಎಂದು ಯಜಮಾನರು ಬಾಯಿ ತೆರೆದರೆ ಸಾಕು, ಒಳಗಿನಿಂದ "ಬಿಡ್ತು ಅನ್ನಿ" ಎಂಬ ಮಾತು ಬಂದೇ ಬರುತ್ತದೆ. ಅದರ ಹಿಂದಿರುವುದು ಪ್ರೀತಿಯೇ ಸರಿ. ಆದರೆ ವಿಚಾರ ಅಲ್ಲಿಗೇ ನಿಲ್ಲುತ್ತದೆ; ಕಪಾಟಿನ ಬೀಗದ ಕೈ ಒಬ್ಬರ ಬಳಿಯೇ ಉಳಿಯುತ್ತದೆ.

ಸರಕಾರಿ ಕಚೇರಿಗಳಲ್ಲಿ ಒಂದು ಹಳೆಯ ಪದ್ಧತಿಯುಂಟು. ಗುಮಾಸ್ತನಿಗೆ ವರ್ಗವಾದರೆ ಅವನು ಸುಮ್ಮನೆ ಎದ್ದು ಹೋಗುವಂತಿಲ್ಲ. ತನ್ನ ಮೇಜಿನ ಕಡತಗಳೆಷ್ಟು, ಯಾವುದು ಎಲ್ಲಿದೆ, ಯಾವುದಕ್ಕೆ ಉತ್ತರ ಬಾಕಿ ಎಂದು ಪಟ್ಟಿ ಬರೆದು, ಬಂದವನಿಗೆ ಚಾರ್ಜು ವಹಿಸಿ, ಇಬ್ಬರೂ ರುಜು ಹಾಕಬೇಕು. ಆದರೆ ಮೂವತ್ತು ವರ್ಷ ಮನೆಯ ಲೆಕ್ಕ ನೋಡಿದವರು ಯಾರಿಗೂ ಚಾರ್ಜು ಕೊಡದೆ ಒಂದು ದಿನ ಹೊರಟುಬಿಡುತ್ತಾರೆ. ಆಮೇಲೆ ಅವರ ಮನೆಯವರು ಒಂದು ಚೀಲದ ತುಂಬ ಕಾಗದ ತುಂಬಿಕೊಂಡು ನಮ್ಮಂಥವರ ಮೇಜಿನ ಮುಂದೆ ನಿಲ್ಲುತ್ತಾರೆ. ಕುಟುಂಬ ಪಿಂಚಣಿಯ ಕಡತಗಳನ್ನು ನೋಡುವ ನನಗೆ ಇದು ಅಪರೂಪದ ನೋಟವಲ್ಲ. ಅವರಲ್ಲಿ ಅನೇಕರ ಬಳಿ ಬೇಕಾದ ಕಾಗದವೆಲ್ಲ ಇರುತ್ತದೆ. ಯಾವುದು ಯಾತಕ್ಕೆಂದು ಮಾತ್ರ ತಿಳಿದಿರುವುದಿಲ್ಲ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ತೊಡಕು ಇಮ್ಮಡಿ. ಹಿಂದೆ ಊರಿನಲ್ಲಿ ಯಾರ ಹೊಲ ಎಲ್ಲಿಂದ ಎಲ್ಲಿಗೆ ಎಂಬುದು ಶಾನುಭೋಗರಿಗೆ ಬಾಯಿಪಾಠವಾಗಿತ್ತು. ನೆರೆಮನೆಯ ಅಜ್ಜನಿಗೂ ಗೊತ್ತಿರುತ್ತಿತ್ತು. ನಮ್ಮದೋ, ಕೆಲಸ ಮುಂಬಯಿಯಲ್ಲಿ, ಹೊಲ ಧಾರವಾಡದ ಕಡೆ, ವಿಮಾ ಪಾಲಿಸಿ ಮೊದಲು ಕೆಲಸಕ್ಕೆ ಸೇರಿದ ಪುಣೆಯ ಶಾಖೆಯಲ್ಲಿ. ಕಾಗದಗಳು ಎರಡು ರಾಜ್ಯಗಳಲ್ಲಿ, ಮೂರು ಭಾಷೆಗಳಲ್ಲಿ ಹಂಚಿಹೋಗಿರುವಾಗ ಅವುಗಳನ್ನು ಕೂಡಿಸುವ ಎಳೆ ಒಬ್ಬರ ತಲೆಯೊಳಗೆ ಮಾತ್ರ ಇದ್ದರೆ ಗತಿಯೇನು?

ಆದುದರಿಂದ ನನ್ನ ಸೂಚನೆ ಇಷ್ಟೇ: ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ ತನ್ನಿರಿ, ಅದರಲ್ಲಿ ಮನೆಯ ಚಾರ್ಜು ಪಟ್ಟಿಯನ್ನು ಕನ್ನಡದಲ್ಲಿ ಬರೆಯಿರಿ. ಬ್ಯಾಂಕಿಗೆ ಒಂದು ಪುಟ: ಯಾವ ಬ್ಯಾಂಕು, ಯಾವ ಶಾಖೆ, ಖಾತೆ ಒಬ್ಬರದೋ ಜಂಟಿಯೋ, ಠೇವಣಿ ಎಂದು ಮುಗಿಯುತ್ತದೆ, ನಾಮಿನಿ ಯಾರು. ವಿಮೆಗೆ ಒಂದು ಪುಟ: ಪಾಲಿಸಿಯ ಸಂಖ್ಯೆ, ಮೊತ್ತ, ಕಂತಿನ ತಿಂಗಳು. ನೌಕರಿಗೆ ಒಂದು ಪುಟ: ಭವಿಷ್ಯ ನಿಧಿಯ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಕಚೇರಿಯ ವಿಳಾಸ. ಮನೆಗೆ ಒಂದು, ಊರಿನ ಆಸ್ತಿಗೆ ಒಂದು. ಸಾಲಕ್ಕೆ ಒಂದು ಪುಟ ಮರೆಯಬೇಡಿರಿ. ಕೊಟ್ಟದ್ದು, ತಂದದ್ದು, ಅಡವಿಟ್ಟ ಚಿನ್ನ, ಚೀಟಿಯ ಹಣ, ಕೈಗಡ, ಎಲ್ಲವೂ ಅಲ್ಲಿ ಬರಲಿ. ಪ್ರತಿಯೊಂದರ ಎದುರಿಗೆ ‘ಮೂಲ ಕಾಗದ ಎಲ್ಲಿದೆ’ ಎಂಬ ಒಂದು ಅಂಕಣ ಇರಲೇಬೇಕು. ಎ.ಟಿ.ಎಂ. ಕಾರ್ಡಿನ ಗುಪ್ತಸಂಖ್ಯೆ, ಪಾಸ್‌ವರ್ಡುಗಳನ್ನು ಮಾತ್ರ ಇದರಲ್ಲಿ ಬರೆಯತಕ್ಕದ್ದಲ್ಲ. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡಿನಿಂದ ಹಣ ತೆಗೆಯುವುದು ತಪ್ಪು. ಕ್ರಮಪ್ರಕಾರ ಬ್ಯಾಂಕಿಗೆ ಅರ್ಜಿ ಕೊಟ್ಟೇ ಪಡೆಯಬೇಕು.

ಈ ಪಟ್ಟಿ ಬರೆಯಲು ಕುಳಿತಾಗ ಪಾಸ್‌ಬುಕ್ಕನ್ನು ಒಮ್ಮೆ ಮೊದಲಿನಿಂದ ಓದಿರಿ. ವರ್ಷಕ್ಕೊಮ್ಮೆ ೪೩೬ ರೂಪಾಯಿ ಕಡಿತವಾಗಿದ್ದರೆ ಅದು ಬಹುಮಟ್ಟಿಗೆ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ೨೦ ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆಯದು. ೨೦೧೫ರಲ್ಲಿ ಆರಂಭವಾದ ಈ ಯೋಜನೆಗಳಲ್ಲಿ ಮೊದಲನೆಯದು ಯಾವ ಕಾರಣದ ಮರಣಕ್ಕಾದರೂ, ಎರಡನೆಯದು ಅಪಘಾತದ ಮರಣಕ್ಕೆ, ತಲಾ ಎರಡು ಲಕ್ಷ ರೂಪಾಯಿ ಕೊಡುತ್ತವೆ. ಕೈಯಲ್ಲಿ ಪಾಲಿಸಿಯ ಕಾಗದವಿಲ್ಲದ ಕಾರಣ ಮನೆಯವರಿಗೆ ಇದರ ಸುಳಿವೇ ಇರುವುದಿಲ್ಲ. ಕೇಳದ ಹಣ ಬರುವುದೂ ಇಲ್ಲ. ಹಾಗೆಯೇ ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದು ಮುಳುಗಿತೆಂದಲ್ಲ, ವಾರಸುದಾರರು ಆಮೇಲೂ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕು ೨೦೨೩ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದಿದೆ.

ಇನ್ನು ಹೆಸರಿನ ವಿಚಾರ. ನಮ್ಮವರ ಕಡತಗಳು ಕಾಗದ ಕಳೆದು ನಿಲ್ಲುವುದಕ್ಕಿಂತ ಹೆಸರು ಕೂಡದೆ ನಿಲ್ಲುವುದೇ ಹೆಚ್ಚು ಎಂದು ನನ್ನ ಅನುಭವ. ಊರಿನ ಶಾಲೆಯ ದಾಖಲೆಯಲ್ಲಿ ಬರಿಯ ‘ಕೆ. ವೆಂಕಟೇಶ’ ಎಂದಿರುತ್ತದೆ ಎನ್ನಿ. ಮುಂಬಯಿಗೆ ಬಂದೊಡನೆ ಅಡ್ಡಹೆಸರು ಕೇಳುತ್ತಾರೆ. ಊರಿನ ಹೆಸರೇ ಅಡ್ಡಹೆಸರಾಗುತ್ತದೆ. ಬ್ಯಾಂಕಿನವರು ನಡುವೆ ತಂದೆಯ ಹೆಸರು ಸೇರಿಸುತ್ತಾರೆ. ಪಹಣಿಯಲ್ಲಿ ‘ವೆಂಕಟೇಶಪ್ಪ’, ಆಧಾರಿನಲ್ಲಿ ‘ವೆಂಕಟೇಶ್ ರಾವ್’. ಬದುಕಿರುವಷ್ಟು ಕಾಲ ಈ ನಾಲ್ವರೂ ಒಬ್ಬರೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅವರೇ ಎದುರಿಗೆ ನಿಂತಿರುತ್ತಾರಲ್ಲ! ಅವರಿಲ್ಲದ ಮರುದಿನ ಅದನ್ನು ರುಜುವಾತು ಮಾಡುವ ಭಾರ ಹೆಂಡತಿ ಮಕ್ಕಳ ಮೇಲೆ ಬೀಳುತ್ತದೆ. ಆದುದರಿಂದ ಪುಸ್ತಕದ ಮೊದಲ ಪುಟದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಯಾವ ದಾಖಲೆಯಲ್ಲಿ ಹೇಗಿದೆಯೆಂದು ಬರೆಯಿರಿ. ತಿದ್ದಬಹುದಾದುದನ್ನು ಈಗಲೇ ತಿದ್ದಿಸಿರಿ. ತಿದ್ದಲಾಗದ ಹಳೆಯ ದಾಖಲೆಗಳಿಗೆ ‘ಇವರಿಬ್ಬರೂ ನಾನೇ’ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿಡಿರಿ. ತವರಿನ ಹೆಸರಿನಲ್ಲಿ ಓದಿದ ಹೆಂಗಸರಿಗೆ ಮದುವೆಯ ನೋಂದಣಿ ಪತ್ರ ಬಹಳ ಉಪಯುಕ್ತ. ಮದುವೆಯಾಗಿ ಎಷ್ಟೋ ವರ್ಷಗಳಾಗಿದ್ದರೂ ಅದನ್ನು ಮಾಡಿಸಲು ಬರುತ್ತದೆ.

ನಾಮಿನಿಯ ಬಗೆಗೂ ತಪ್ಪು ತಿಳಿವಳಿಕೆ ಬಹಳ. ನಾಮಿನಿ ಎಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವರು. ಅವರೇ ಅದರ ಒಡೆಯರೆಂದು ಅರ್ಥವಲ್ಲ. ವಿಮೆಯ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟು ೧೯೮೩ರಲ್ಲೇ ಹೀಗೆ ಹೇಳಿತು. ೨೦೧೫ರಲ್ಲಿ ವಿಮಾ ಕಾಯಿದೆಗೆ ತಿದ್ದುಪಡಿಯಾಗಿ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎಂದಾಯಿತು. ಆದರೆ ಷೇರುಗಳ ವಿಷಯದಲ್ಲಿ ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ೨೦೨೩ರಲ್ಲಿ ಮತ್ತೆ ಹೇಳಿದೆ. ಬ್ಯಾಂಕಿನ ಠೇವಣಿಗೆ ೨೦೨೫ರ ನವೆಂಬರ್ ೧ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಭವಿಷ್ಯ ನಿಧಿಯ ೧೯೫೨ರ ಯೋಜನೆಯಲ್ಲಿ ಇನ್ನೊಂದು ನಿಯಮವಿದೆ: ಮದುವೆಗೆ ಮುಂಚೆ ಕುಟುಂಬವಿಲ್ಲದವರೆಂದು ಮಾಡಿದ ನಾಮಿನಿ ಪತ್ರ, ಮದುವೆಯಾದೊಡನೆ ರದ್ದಾಗುತ್ತದೆ. ತಮ್ಮನ ಹೆಸರು ಬರೆದು ಕೆಲಸಕ್ಕೆ ಸೇರಿ, ಆಮೇಲೆ ಅದನ್ನು ತೆರೆದೇ ನೋಡದವರು ಎಷ್ಟು ಮಂದಿಯೋ! ಆಸ್ತಿ ಯಾರಿಗೆ ಸೇರಬೇಕೆಂದು ಸ್ಪಷ್ಟವಾಗಿ ಹೇಳುವ ಸಾಧನ ಉಯಿಲು. ಅದಕ್ಕೆ ಮುದ್ರಾಂಕದ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ; ಬರೆದವರ ರುಜು, ಇಬ್ಬರು ಸಾಕ್ಷಿಗಳ ರುಜು ಬೇಕು.

ಆಪತ್ತೆಂದರೆ ಸಾವು ಒಂದೇ ಅಲ್ಲ. ಯಜಮಾನರು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದಾರೆ ಎನ್ನಿ. ಆಗ ನಾಮಿನಿ ಪತ್ರವೂ ಉಯಿಲೂ ನೆರವಿಗೆ ಬಾರವು. ಅವು ಕೆಲಸ ಮಾಡುವುದು ಮರಣಾನಂತರ. ಆ ಹೊತ್ತಿಗೆ ಬೇಕಾದುದು ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಕರಾರಿನ ಒಂದು ಜಂಟಿ ಖಾತೆ, ಅದರಲ್ಲಿ ಮೂರು ತಿಂಗಳ ಮನೆಖರ್ಚು, ಮತ್ತು ಆರೋಗ್ಯ ವಿಮೆಯ ಕಾರ್ಡು ಎಲ್ಲಿದೆಯೆಂಬ ತಿಳಿವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ.

ಮರಣದ ನೋಂದಣಿ ಆಗುವುದು ಮರಣವಾದ ಸ್ಥಳದಲ್ಲಿ. ಮುಂಬಯಿಯ ನಿವಾಸಿ ಊರಿನ ಜಾತ್ರೆಗೆ ಹೋದಾಗ ತೀರಿಕೊಂಡರೆ ಪ್ರಮಾಣಪತ್ರ ಅಲ್ಲಿಯದೇ. ೧೯೬೯ರ ಕಾಯಿದೆಯ ಪ್ರಕಾರ ೨೧ ದಿನಗಳೊಳಗೆ ತಿಳಿಸಬೇಕು. ದುಃಖದ ನಡುವೆಯೂ ಆಗಲೇ ಹೆಸರಿನ ಅಕ್ಷರಗಳನ್ನು ಸರಿಯಾಗಿ ನೋಡಿಕೊಂಡು ಹಲವಾರು ಪ್ರತಿಗಳನ್ನು ತೆಗೆದುಕೊಳ್ಳಿರಿ. ಬ್ಯಾಂಕು, ವಿಮೆ, ಕಚೇರಿ, ಹೌಸಿಂಗ್ ಸೊಸೈಟಿ, ಊರಿನ ತಾಲ್ಲೂಕು ಕಚೇರಿ, ಎಲ್ಲರೂ ಅದನ್ನೇ ಕೇಳುತ್ತಾರೆ.

ಊರಿನ ಜಮೀನಿಗೆ ಸರ್ವೆ ನಂಬರು, ಹಿಸ್ಸೆ, ಗ್ರಾಮ, ಹೋಬಳಿ, ತಾಲ್ಲೂಕು, ಇಷ್ಟನ್ನು ಬರೆದಿಟ್ಟರೆ ಪಹಣಿಯನ್ನು ಈಗ ಮುಂಬಯಿಯಲ್ಲಿ ಕುಳಿತೇ ‘ಭೂಮಿ’ ಜಾಲತಾಣದಲ್ಲಿ ನೋಡಬಹುದು. ನೋಡಿದರೆ ಅನೇಕರಿಗೆ ಅಜ್ಜನ ಹೆಸರೇ ಕಾಣಸಿಗುತ್ತದೆ. ಪೌತಿ ಖಾತೆಗೆ ವಂಶವೃಕ್ಷ ಬೇಕು. ಯಾರ ಮಕ್ಕಳು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಬರೆಯುವಾಗ ಹೆಣ್ಣುಮಕ್ಕಳನ್ನು ಬಿಡಬೇಡಿರಿ. ೨೦೦೫ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ.

ಮೂಲ ಕಾಗದಗಳನ್ನು ಒಂದೇ ಪೆಟ್ಟಿಗೆಯಲ್ಲಿ, ನೀರು ತಾಗದ ಚೀಲದೊಳಗೆ, ಎತ್ತರದಲ್ಲಿ ಇಡಿರಿ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿದುದನ್ನು ಮುಂಬಯಿಯವರು ಮರೆತಿಲ್ಲ. ಕೆಳಗಿನ ಅರೆಯಲ್ಲಿಟ್ಟ ಕಾಗದ ಅಂಥ ದಿನ ಉಳಿಯದು. ನಕಲುಗಳ ಒಂದು ಕಟ್ಟು ಊರಿನಲ್ಲೋ ಬೇರೆ ನಗರದಲ್ಲೋ ಇರುವ ನಂಬಿಗಸ್ತ ಬಂಧುವಿನ ಬಳಿ ಇರಲಿ.

ಬರೆದಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ಓದಿ ಹೇಳಿದರೆ ಪೂರ್ತಿಯಾಯಿತು. ಆಯುಧಪೂಜೆಯ ದಿನ ಪುಸ್ತಕಗಳ ಜೊತೆಗೆ ಈ ಪುಸ್ತಕವನ್ನೂ ಪೂಜೆಗಿಡಿರಿ. ಮರುದಿನ ಮನೆಯವರೆಲ್ಲ ಕುಳಿತು ಒಂದು ಗಂಟೆ ಓದಿ, ಬದಲಾದುದನ್ನು ತಿದ್ದಿರಿ. ಇದು ಗಂಡ ಹೆಂಡತಿಗೆ ಒಪ್ಪಿಸುವ ಚಾರ್ಜು ಮಾತ್ರವೆಂದು ತಿಳಿಯಬಾರದು. ಚೀಟಿಯ ಲೆಕ್ಕ, ಒಡವೆಯ ತೂಕ, ಮಕ್ಕಳ ಲಸಿಕೆಯ ಕಾರ್ಡು, ಅತ್ತೆಯವರ ಔಷಧಿಯ ವೇಳೆ, ಇವು ಮನೆಯಾಕೆಯ ತಲೆಯಲ್ಲಿ ಮಾತ್ರ ಇರುವುದೂ ಉಂಟು. ಅವರೂ ತಮ್ಮ ಪುಟಗಳನ್ನು ಬರೆಯಲಿ. ಕೊನೆಗೆ ದಿನಾಂಕ ಹಾಕಿ, ಕಚೇರಿಯಲ್ಲಿ ಮಾಡುವಂತೆಯೇ, ಇಬ್ಬರೂ ರುಜು ಮಾಡಿರಿ.